ಬಾಯಿಕುಕ್ಕೆ, ಕಹಿ ಸ್ಪ್ರೇ, ಕಂಬಿಬೇಲಿ: ಕಾಫಿ ಕಣದಲ್ಲಿ ಒಂದು ನಾಯಿಮರಿ

3,800 ರೂಪಾಯಿ ಕೊಟ್ಟು ನಾಯಿಮರಿಗೆ ಕಂಬಿಬೇಲಿ ತಂದ ದಿನ ಅತ್ತೆ ಹೇಳಿದ್ದು ಒಂದೇ ಮಾತು: "ಇಷ್ಟು ದುಡ್ಡಿಗೆ ಹಂದಿಗೂಡೇ ಕಟ್ಟಬಹುದಿತ್ತಲ್ಲ." ಕಟ್ಟಬಹುದಿತ್ತೋ ಏನೋ. ಆದರೆ ಅದಕ್ಕೂ ಮೊದಲು, ಮರಿ ಕಂಡದ್ದಕ್ಕೆಲ್ಲ ಬಾಯಿ ಹಾಕದಿರಲಿ ಅಂತ ಬಾಯಿಕುಕ್ಕೆಗೆ 650, ಕಹಿ ಸ್ಪ್ರೇಗೆ 480 ಸುರಿದವಳು ನಾನು. ಅವೆರಡನ್ನೂ ಬಿಟ್ಟು ನೇರ ಬೇಲಿಗೇ ಹೋಗಿದ್ದರೆ 1,130 ರೂಪಾಯಿಯೂ ಒಂದು ರಾತ್ರಿಯ ನಿದ್ದೆಯೂ ಉಳಿಯುತ್ತಿತ್ತು.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ನಾಲ್ಕು ಎಕರೆ ರೋಬಸ್ಟಾ ಕಾಫಿ ತೋಟ. ಪೆಪ್ಪರ್ ಅನ್ನುವ ಈ ಮರಿ ಬಂದದ್ದು ಜನವರಿಯಲ್ಲಿ, ಕುಯ್ಲು ಶುರುವಾಗಿ ಕಣದ ತುಂಬ ಹಣ್ಣು ಹರಡಿದ್ದ ವಾರ. ಎರಡೂವರೆ ತಿಂಗಳ ಕರಿ ಮರಿ. ಲ್ಯಾಬ್ ಅಂತ ಹೇಳಿ ಕೊಟ್ಟರು, ಕಿವಿ ನೋಡಿದರೆ ನನಗೆ ನಂಬಿಕೆ ಇಲ್ಲ. ಮೊದಲ ಹತ್ತು ದಿನದಲ್ಲಿ ತಿಂದದ್ದು: ಒಂದು ಕಾಲುಚೀಲ, ಗೊಬ್ಬರದ ಚೀಲದ ದಾರ, ಸಗಣಿ, ಸೋಪಿನ ತುಂಡು, ನಮ್ಮವರ ಹವಾಯಿ ಚಪ್ಪಲಿಯ ಪಟ್ಟಿ. ಇವಕ್ಕೆಲ್ಲ ನಕ್ಕೆವು. ನಗಲಾಗದ್ದು ಕಾಫಿ ಹಣ್ಣು. ಸಿಪ್ಪೆ ಸಿಹಿ, ಮರಿಗೆ ಬಲು ಇಷ್ಟ. ಒಳಗಿರುವ ಬೀಜದಲ್ಲಿ ಕೆಫೀನ್, ಅದೂ ರೋಬಸ್ಟಾ ಆದರೆ ಅರೇಬಿಕಾದ ಸುಮಾರು ಎರಡು ಪಟ್ಟು. ನಾವು ದಿನಕ್ಕೆ ನಾಲ್ಕು ಲೋಟ ಕುಡಿದು ಅರಗಿಸಿಕೊಳ್ಳುತ್ತೇವೆ, ನಾಯಿಗೆ ಅದು ವಿಷ. ಎದೆಬಡಿತ ಏರುತ್ತದೆ, ನಡುಕ ಬರುತ್ತದೆ, ಹೆಚ್ಚಾದರೆ ಫಿಟ್ಸ್. ಇದಕ್ಕೆ ಪ್ರತಿಮದ್ದು ಅಂತ ಒಂದಿಲ್ಲ.

ಮೊದಲು ತರಿಸಿದ್ದು ಕಹಿ ಸ್ಪ್ರೇ. ಮೇಜಿನ ಕಾಲಿಗೆ, ಚಾರ್ಜರ್ ವೈರಿಗೆ ಹೊಡೆದರೆ ಅರ್ಧ ದಿನ ನಡೆಯುತ್ತದೆ, ಆಮೇಲೆ ಮತ್ತೆ ಹೊಡೆಯಬೇಕು. ಕಣದ ಕಾಫಿಗೆ ಹೊಡೆಯಲಾಗುತ್ತದೆಯೇ? ಬಾಟಲಿ ಮುಗಿದ ಮೇಲೆ ನನ್ನ ಬುದ್ಧಿಗೊಂದು ಉಪಾಯ ಹೊಳೆಯಿತು. ಕೊಡಗಿನ ಅಡುಗೆಯ ಕಪ್ಪು ಹುಳಿರಸ ಕಾಚಂಪುಳಿಯ ನಾಲ್ಕು ಹನಿಯನ್ನು ನೀರಿಗೆ ಬೆರೆಸಿ ಕುರ್ಚಿಯ ಕಾಲಿಗೆಲ್ಲ ಒರೆಸಿದೆ. ಅಷ್ಟು ಹುಳಿಗೆ ಯಾವ ಪ್ರಾಣಿ ಬಾಯಿ ಹಾಕೀತು ಎಂಬ ಧೈರ್ಯ. ಆದರೆ ನಮ್ಮ ಮನೆಯಲ್ಲಿ ಕಾಚಂಪುಳಿ ಹೊರಗೆ ಬಂತೆಂದರೆ ಅದರ ಹಿಂದೆಯೇ ಹಂದಿಕರಿ ಬರುತ್ತದೆ ಅನ್ನುವುದು ಮರಿಗೂ ಅಷ್ಟರಲ್ಲಿ ಗೊತ್ತಾಗಿತ್ತು. ನಾಲ್ಕೂ ಕಾಲನ್ನು ನೆಕ್ಕಿ ನೆಕ್ಕಿ ಪಾಲಿಶ್ ಮಾಡಿಟ್ಟಿತು.

ಆಮೇಲೆ ಬಾಯಿಕುಕ್ಕೆ. ನನ್ನ ಸಿಟ್ಟೆಲ್ಲ ಇರುವುದು ಇದರ ಮೇಲೆ.

ಒಕ್ಕಣೆಯ ಕಣದಲ್ಲಿ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವುದನ್ನು ಚಿಕ್ಕಂದಿನಲ್ಲಿ ನೋಡಿದವಳು ನಾನು. ಎತ್ತಿಗೆ ಆಗುವುದು ನಾಯಿಗೆ ಯಾಕಾಗಬಾರದು ಅನ್ನಿಸಿತು. ಬಂದದ್ದು ಮೆತ್ತನೆಯ ಪ್ಲಾಸ್ಟಿಕ್ಕಿನ ಬುಟ್ಟಿ, ಹಿಂದೆ ಎರಡು ಪಟ್ಟಿ. ಹಾಕಿಕೊಂಡೇ ಮರಿ ಬಾಯಿ ತೆರೆಯಬಹುದು, ನೀರು ಕುಡಿಯಬಹುದು. ಮೂರು ದಿನ ಅಭ್ಯಾಸ ಮಾಡಿಸಿದೆ. ನಾಲ್ಕನೆಯ ದಿನ ಧೈರ್ಯವಾಗಿ ಕಣಕ್ಕೆ ಬಿಟ್ಟೆ.

ಆ ಬುಟ್ಟಿಯ ಮುಂದಿನ ಕಿಂಡಿ ನನ್ನ ಹೆಬ್ಬೆರಳು ತೂರುವಷ್ಟು ಅಗಲ. ರೋಬಸ್ಟಾ ಹಣ್ಣು ಎಷ್ಟು ದಪ್ಪ? ಅದಕ್ಕಿಂತ ಸಣ್ಣದು. ಪೆಪ್ಪರ್ ಮೊದಲು ಮೂತಿಯಿಂದ ರಾಶಿಯನ್ನು ತಳ್ಳಿತು. ಆಮೇಲೆ ಬುಟ್ಟಿಯನ್ನು ರಾಶಿಯೊಳಕ್ಕೆ ಒತ್ತಿತು. ತಲೆ ಎತ್ತಿದಾಗ ಒಳಗೆ ಐದಾರು ಹಣ್ಣು. ಒಳಗೆ ಬಿದ್ದದ್ದು ಹೊರಗೆ ಬೀಳುವುದಿಲ್ಲ, ನಾಲಿಗೆಯ ಮುಂದೆಯೇ ಉರುಳುತ್ತಿರುತ್ತದೆ. ಮೊಗೆದು ತಿನ್ನಲಿ ಅಂತ ನಾನೇ ಮರಿಯ ಮೂತಿಗೆ ಪಾವು ಕಟ್ಟಿಕೊಟ್ಟ ಹಾಗಾಗಿತ್ತು. ಕುಕ್ಕೆ ಇಲ್ಲದಾಗ ಓಡಿಹೋಗಿ ಬಾಯಿಗೆ ಕೈ ಹಾಕಿ ತೆಗೆಯುತ್ತಿದ್ದೆ. ಈಗ ಪಟ್ಟಿ ಬಿಚ್ಚುವಷ್ಟರಲ್ಲಿ ಎಲ್ಲ ಹೊಟ್ಟೆಗೆ.

ಡಾಕ್ಟರಿಗೆ ಫೋನ್ ಮಾಡಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇ ಅಂದೆ. "ಬೇಡವೇ ಬೇಡ, ಉಪ್ಪು ಹೆಚ್ಚಾದರೆ ಅದೇ ಇನ್ನೊಂದು ವಿಷ, ಕೂಡಲೇ ಇಲ್ಲಿಗೆ ತನ್ನಿ" ಅಂದರು. ಜೀಪಿನಲ್ಲಿ ಹೋದೆವು. ಇಂಜೆಕ್ಷನ್ ಕೊಟ್ಟು ಕಕ್ಕಿಸಿದರು. ಎಣಿಸಿದೆ, 17 ಹಣ್ಣು, ಅರ್ಧಕ್ಕರ್ಧ ಅಗಿದದ್ದು. ಮರಿಯ ತೂಕ ಐದು ಕಿಲೋ. ರಾತ್ರಿ ನಡುಕ ಕಂಡರೆ ಮತ್ತೆ ತರಬೇಕು ಅಂದಿದ್ದರು. ನಡುಗಲಿಲ್ಲ, ಆದರೆ ಎರಡು ಗಂಟೆಯವರೆಗೆ ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ತಿರುಗಿದ್ದೇ ತಿರುಗಿದ್ದು. ಹಿಡಿದು ಕೂರಿಸಿಕೊಂಡರೆ ಅಂಗೈ ಕೆಳಗೆ ಎದೆ ಹೊಲಿಗೆ ಮಿಷನ್ನಿನ ಹಾಗೆ ಓಡುತ್ತಿತ್ತು.

ಮರುದಿನ ಕಿಂಡಿಗೆ ಒಳಗಿನಿಂದ ಸೊಳ್ಳೆಪರದೆಯ ತುಂಡು ಹೊಲಿದೆ. ಹಣ್ಣು ಹೋಗಲಿಲ್ಲ, ನೀರು ಕುಡಿಯಲೂ ಆಗಲಿಲ್ಲ. ಜೊಲ್ಲಿನಲ್ಲಿ ಬಟ್ಟೆ ನೆನೆದು ಮೂಗಿಗೆ ಅಂಟಿತು. ನಾಯಿ ಮೈಯ ಬಿಸಿ ಕಳೆಯುವುದೇ ನಾಲಿಗೆ ಚಾಚಿ ಏದುಸಿರು ಬಿಟ್ಟು, ಅದನ್ನು ತಡೆಯುವ ಯಾವುದನ್ನೂ ಕಟ್ಟಬೇಡಿ ಅಂತ ಡಾಕ್ಟರ ಹತ್ತಿರ ಮತ್ತೆ ಬೈಸಿಕೊಂಡೆ. ಮೂರು ವಾರದಲ್ಲಿ ಮೂತಿ ಬೆಳೆದು ಬುಟ್ಟಿ ಹಿಡಿಯದಾಯಿತು. ಬೆಳೆದ ನಾಯಿಗೆ, ಪೇಟೆಯ ರಸ್ತೆಯಲ್ಲಿ ಮೂಳೆ ಹೆಕ್ಕದ ಹಾಗೆ ಅರ್ಧ ಗಂಟೆ ಹಾಕಲು ಕುಕ್ಕೆ ಸರಿಯಿರಬಹುದು. ಕಣಕ್ಕೆ ಅಲ್ಲ.

ಬಿಟ್ಟಿಯಾಗಿ ಆಗುವುದು ಒಂದಿದೆ, "ಬಿಡು" ಪಾಠ. ಮಡಿಕೇರಿಯ ಶುಕ್ರವಾರದ ಸಂತೆಯಿಂದ ಒಣ ಸೀಗಡಿ ತಂದು ಜೇಬಿನಲ್ಲಿಟ್ಟುಕೊಳ್ಳಬೇಕು. ಬಾಯಲ್ಲಿರುವುದನ್ನು ಬಿಟ್ಟರೆ ಒಂದು ಸೀಗಡಿ. ಕಿರುಚಿ ಅಟ್ಟಿಸಿಕೊಂಡು ಹೋದರೆ ಇನ್ನೂ ಬೇಗ ನುಂಗುತ್ತದೆ. ಪಾಠ ಹತ್ತುತ್ತದೆ, ತಿಂಗಳುಗಳು ಬೇಕು. ಅಲ್ಲಿಯವರೆಗೆ ನನ್ನ ಸೆರಗಿಗೆ ಸೀಗಡಿ ವಾಸನೆ.

ಬೇಲಿ ಅಂದರೆ ಎಂಟು ಕಬ್ಬಿಣದ ಚೌಕಟ್ಟು. ಕೊಂಡಿ ಹಾಕಿ ವೃತ್ತ ಮಾಡಿದರೆ ಆಯಿತು. ಕಣದ ಅಂಚಿನಲ್ಲಿ, ಹಲಸಿನ ಮರದ ನೆರಳಿಗೆ ನಿಲ್ಲಿಸಿದ್ದೇನೆ. ನಾನು ಕಾಫಿ ಕೈಯಾಡಿಸುವುದು, ಕೆಲಸದವರು ಚೀಲ ಹೊರುವುದು ಎಲ್ಲ ಕಾಣುತ್ತದೆ, ಆದ್ದರಿಂದ ಬೊಗಳಾಟ ಕಡಿಮೆ. ತಳ ಇಲ್ಲ ಅನ್ನುವುದು ಒಂದೇ ತಕರಾರು. ಮೊದಲ ದಿನವೇ ಮಣ್ಣು ಕೆದಕಿತು, ಗೋಣಿ ಹಾಸಿದರೆ ಗೋಣಿಯ ನಾರು ತಿಂದಿತು. ಈಗ ಹಳೆಯ ಕಡಪ ಕಲ್ಲು ನಾಲ್ಕು ಹಾಸಿದೆ. ತಂಪೂ ಆಯಿತು. ಒಂದು ಸಲಕ್ಕೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಇಡೀ ದಿನ ಕೂಡಿಹಾಕಿದರೆ ಅದು ಅತ್ತೆ ಹೇಳಿದ ಹಂದಿಗೂಡೇ.

ಒಳಗೆ ಕಚ್ಚಲು ಫ್ರೀಜರಿನಲ್ಲಿಟ್ಟ ಕ್ಯಾರೆಟ್, ರಬ್ಬರ್ ಬಳೆ. ನಾಲ್ಕು ತಿಂಗಳ ಹೊತ್ತಿಗೆ ಹಾಲುಹಲ್ಲು ಬೀಳತೊಡಗುತ್ತವೆ, 28 ಹೋಗಿ 42 ಬರುವ ತನಕ ವಸಡು ತುರಿಸುತ್ತದೆ, ಏನಾದರೂ ಕಚ್ಚಲೇಬೇಕು. ಹಂದಿಕರಿಯ ಮೂಳೆ ಮಾತ್ರ ಕೊಡಬೇಡಿ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಮಸಾಲೆಯ ಈರುಳ್ಳಿ ಬೆಳ್ಳುಳ್ಳಿಯೂ ನಾಯಿಗೆ ಆಗದು.

ಬೆಳಿಗ್ಗೆ ಏಳರಿಂದ ಕಣದಲ್ಲಿರುವವಳು ನಾನು, ಕಣ್ಣು ಸದಾ ಮರಿಯ ಮೇಲೆ ಇರುವುದಿಲ್ಲ. ಹಾಗಾಗಿ ನನಗೆ ಬೇಲಿ. ಮನೆಯಲ್ಲೇ ಇರುವವರು, ಕೈ ಬಿಗಿ ಇರುವವರು ಸೀಗಡಿಯಿಂದಲೇ ಶುರು ಮಾಡಿ, ಜೊತೆಗೆ ಹತ್ತು ಅಡಿ ಹಗ್ಗ ಇರಲಿ. ಶನಿವಾರಸಂತೆ ಅನ್ನುವ ಊರಿನ ಕಡೆಯವರು ಮಳೆಗಾಲದಲ್ಲಿ ಆಫ್ರಿಕನ್ ಬಸವನಹುಳಕ್ಕೆ ತೌಡು, ಬೆಲ್ಲದಲ್ಲಿ ವಿಷ ಕಲೆಸಿ ಇಡುತ್ತಾರೆ. ಅಂಥ ತೋಟದಲ್ಲಿ ಹಗ್ಗವಿಲ್ಲದೆ ಮರಿ ಬಿಡಲೇಬೇಡಿ, ಬೆಲ್ಲದ ವಾಸನೆಗೆ ನಾಯಿಯೂ ಬರುತ್ತದೆ.

ಅತ್ತೆ ಈಗ ಸಂಜೆ ಬೇಲಿಯ ಪಕ್ಕಕ್ಕೇ ಮಣೆ ಹಾಕಿಕೊಂಡು ಹುರುಳಿಕಾಯಿ ಬಿಡಿಸುತ್ತಾರೆ. ನಾರು ತೆಗೆದ ಒಂದೊಂದು ಕಾಯಿ ಕಂಬಿಯ ಸಂದಿಯಲ್ಲಿ ಒಳಗೆ ಹೋಗುತ್ತಿರುತ್ತದೆ. ಬಾಯಿಕುಕ್ಕೆಯನ್ನು ಅವರೇ ಅಟ್ಟದ ಮೊಳೆಗೆ ನೇತುಹಾಕಿ ಬೆಳ್ಳುಳ್ಳಿ ತುಂಬಿಟ್ಟಿದ್ದಾರೆ. ಗಾಳಿ ಚೆನ್ನಾಗಿ ಆಡುತ್ತದಂತೆ.