ಬೆಂಗೇರಿಯ ಖಾದಿ ಅಂಗಿಬಟ್ಟೆ

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ಹೆಚ್ಚಿನವರು ಅಲ್ಲಿ ತಯಾರಾಗುವ ರಾಷ್ಟ್ರಧ್ವಜದಿಂದಲೇ ಬಲ್ಲರು. 1957ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಖಾದಿ ದಿನಬಳಕೆಗೂ ಅಷ್ಟೇ ಯೋಗ್ಯವೆಂಬುದು ನನ್ನ ಅನುಭವ. ಇಲ್ಲಿ ಕೊಂಡ ಅಂಗಿಬಟ್ಟೆಯನ್ನು ಬೆಳಕಿಗೆ ಹಿಡಿದರೆ ಒಂದೆಡೆ ದಪ್ಪವಾಗಿ, ಇನ್ನೊಂದೆಡೆ ತೆಳುವಾಗಿ ಸಾಗುವ ಕೈನೂಲಿನ ಎಳೆಗಳು ಕಾಣುತ್ತವೆ. ನಡುನಡುವೆ ಬರುವ ಸಣ್ಣ ಗಂಟುಗಳನ್ನು ದೋಷವೆನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ಚರಕದಲ್ಲಿ ನೂತವರ ಮತ್ತು ಮಗ್ಗದಲ್ಲಿ ನೇಯ್ದವರ ದುಡಿಮೆಯ ಗುರುತು ಅದು, ನಾವು ಕೊಡುವ ಹಣದಲ್ಲಿ ಅವರ ಕೂಲಿಯೂ ಸೇರಿದೆ. ಹೊಲಿಸುವ ಮುನ್ನ ಬಟ್ಟೆಯನ್ನು ರಾತ್ರಿಯಿಡೀ ನೆನೆಸಿಡಬೇಕು, ಇಲ್ಲವಾದರೆ ಅಂಗಿ ಕುಗ್ಗುತ್ತದೆ. ಇಸ್ತ್ರಿಯೂ ಬೇಕು. ಮಿಲ್ ಬಟ್ಟೆಗಿಂತ ಬೆಲೆ ಹೆಚ್ಚು ನಿಜ, ಆದರೆ ಏಪ್ರಿಲ್ ಬಿಸಿಲಿನಲ್ಲಿ ಬೆವರು ಹೀರುವ ಈ ಅಂಗಿ ಪಾಲಿಯೆಸ್ಟರ್ ಕೊಳ್ಳುವ ಅಭ್ಯಾಸವನ್ನೇ ಬಿಡಿಸಿದೆ. ಗಾಂಧಿ ಜಯಂತಿಯ ಸಮಯದಲ್ಲಿ ಖಾದಿ ಭಂಡಾರಗಳಲ್ಲಿ ಸಾಮಾನ್ಯವಾಗಿ ರಿಯಾಯಿತಿ ದೊರೆಯುವುದರಿಂದ, ಮೊದಲ ಬಾರಿ ಕೊಳ್ಳುವವರು ಆಗ ಹೋಗುವುದು ಒಳ್ಳೆಯದು.