ಜೊಸನ್ ಸಿಲ್ಲೊಕ್ ಜಾಲತಾಣ: ಒಂದು ವಿಮರ್ಶೆ

ಕೊರಿಯಾದ ಇತಿಹಾಸ, ಭಾಷೆ ಅಥವಾ ಸ್ತ್ರೀ ಅಧ್ಯಯನದಲ್ಲಿ ಸಂಶೋಧನೆಗೆ ತೊಡಗುವವರಿಗೆ ನಾನು ಮೊದಲು ಸೂಚಿಸುವ ಆಕರ, ದಕ್ಷಿಣ ಕೊರಿಯಾದ ರಾಷ್ಟ್ರೀಯ ಇತಿಹಾಸ ಸಂಸ್ಥೆ ನಡೆಸುವ ಜೊಸನ್ ಸಿಲ್ಲೊಕ್ ಜಾಲತಾಣ. ಕೊರಿಯಾವನ್ನಾಳಿದ ಜೊಸನ್ ರಾಜವಂಶದ, 1392ರಿಂದ 1863ರವರೆಗಿನ 25 ಅರಸರ ಆಳ್ವಿಕೆಯನ್ನು ದಿನವಹಿಯಾಗಿ ದಾಖಲಿಸಿರುವ ಈ ವೃತ್ತಾಂತ 1997ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು. ಶಾಸ್ತ್ರೀಯ ಚೀನೀ ಭಾಷೆಯ ಮೂಲಪಾಠವೂ ಆಧುನಿಕ ಕೊರಿಯನ್ ಅನುವಾದವೂ ಇಲ್ಲಿ ಉಚಿತವಾಗಿ ದೊರೆಯುತ್ತವೆ.

ಅರಸ, ವರ್ಷ, ತಿಂಗಳು, ದಿನ ಎಂದು ಒಂದೊಂದಾಗಿ ಆರಿಸುತ್ತ ಹೋದರೆ ಆ ದಿನದ ನಮೂದುಗಳು ತೆರೆದುಕೊಳ್ಳುತ್ತವೆ. ತಿಂಗಳು, ದಿನಗಳೆಲ್ಲ ಚಾಂದ್ರಮಾನದವು ಎಂಬುದನ್ನು ಲೇಖನದಲ್ಲಿ ಉಲ್ಲೇಖಿಸುವಾಗ ಮರೆಯಬಾರದು. 1404ರಲ್ಲಿ ಜಿಂಕೆಯ ಬೇಟೆಯಾಡುತ್ತಿದ್ದ ತೇಜೊಂಗ್ ಅರಸ ಕುದುರೆಯಿಂದ ಬಿದ್ದು, ಇದು ಇತಿಹಾಸಕಾರನಿಗೆ ತಿಳಿಯದಿರಲಿ ಎಂದು ಸುತ್ತಲಿದ್ದವರಿಗೆ ಹೇಳಿದನಂತೆ. ಬಿದ್ದದ್ದೂ ದಾಖಲಾಗಿದೆ, ಹಾಗೆ ಹೇಳಿದ್ದೂ ದಾಖಲಾಗಿದೆ. ಆಸ್ಥಾನದ ಇತಿಹಾಸಕಾರರ ಕರಡುಗಳನ್ನು ನೋಡುವ ಹಕ್ಕು ಅರಸನಿಗೇ ಇರಲಿಲ್ಲವೆಂಬ ನಿಯಮದ ಬಲ ಅಲ್ಲಿ ಕಾಣುತ್ತದೆ.

ಲಿಂಗ ಸಂಬಂಧಗಳ ಅಧ್ಯಯನಕ್ಕೆ ಈ ತಾಣ ಅನಿರೀಕ್ಷಿತವಾಗಿ ಸಮೃದ್ಧ. ಸೆಜೊಂಗ್ ಅರಸ 1426ರಲ್ಲಿ ಸರ್ಕಾರಿ ದಾಸಿಯರಿಗೆ 100 ದಿನಗಳ ಹೆರಿಗೆ ರಜೆ ನೀಡಿದ. ಹೆರಿಗೆಯ ಹೊತ್ತಿನವರೆಗೂ ದುಡಿಸಿಕೊಂಡರೆ ಮನೆ ಸೇರುವ ಮುನ್ನವೇ ಹಡೆಯುವವರುಂಟು ಎಂಬ ಕಾರಣ ಕೊಟ್ಟು, 1430ರಲ್ಲಿ ಹೆರಿಗೆಗೆ ಮುಂಚಿನ ಒಂದು ತಿಂಗಳನ್ನೂ ಬಿಡುವಾಗಿ ಸೇರಿಸಿದ. ಬಾಣಂತಿಯನ್ನು ನೋಡಿಕೊಳ್ಳಲು ಗಂಡನಿಗೂ 30 ದಿನಗಳ ಬಿಡುವು ದೊರೆತದ್ದು 1434ರಲ್ಲಿ. ಮೂರೂ ನಮೂದುಗಳನ್ನು ಒಂದರ ಪಕ್ಕ ಒಂದು ತೆರೆದಿಟ್ಟುಕೊಂಡರೆ ಒಂದು ನೀತಿ ಹಂತಹಂತವಾಗಿ ರೂಪುಗೊಂಡ ಬಗೆ ಕಣ್ಣಿಗೆ ಕಟ್ಟುತ್ತದೆ. ಆದರೆ ಆ ದಾಸಿಯರು ಏನೆಂದರು ಎಂಬುದು ಅಲ್ಲಿಲ್ಲ. 1480ರಲ್ಲಿ ವ್ಯಭಿಚಾರದ ಆರೋಪದ ಮೇಲೆ ಮರಣದಂಡನೆಗೆ ಗುರಿಯಾದ ಒಉದೊಂಗ್ ಎಂಬ ಹೆಣ್ಣಿನ ಪ್ರಕರಣದಲ್ಲೂ ಶಿಕ್ಷೆಯ ಪ್ರಮಾಣದ ಬಗ್ಗೆ ಮಂತ್ರಿಗಳು ಹೂಡಿದ ವಾದಗಳೇ ಪುಟ ತುಂಬಿವೆ. ಬರೆದವರೆಲ್ಲ ಆಸ್ಥಾನದ ಗಂಡಸರು. ಹಾಗಾಗಿ ಕೇವಲ ಈ ಆಕರವನ್ನು ನೆಚ್ಚಿ ಹೆಣ್ಣುಮಕ್ಕಳ ಬದುಕಿನ ಬಗ್ಗೆ ಪ್ರಬಂಧ ಬರೆಯಹೊರಟವರು, ಕೊನೆಗೆ ಬರೆಯುವುದು ಅವರ ಮೇಲಿನ ಆಡಳಿತದ ಚರಿತ್ರೆಯನ್ನೇ.

ಭಾಷಾ ಅಧ್ಯಯನಕ್ಕೆ ಬಂದರೆ, ಸೆಜೊಂಗ್ ತಾನೇ 28 ಅಕ್ಷರಗಳನ್ನು ರೂಪಿಸಿದನೆಂಬ 1443ರ ಪುಟ್ಟ ನಮೂದು, ಅದನ್ನು ವಿರೋಧಿಸಿ ಚೊಯ್ ಮಲ್ಲಿ ಮತ್ತಿತರ ವಿದ್ವಾಂಸರು 1444ರಲ್ಲಿ ಸಲ್ಲಿಸಿದ ದೀರ್ಘ ಮನವಿ, ಎರಡೂ ಇಲ್ಲಿವೆ. ಹಂಗುಲ್ ಎಂಬ ಈ ಕೊರಿಯನ್ ಲಿಪಿಯ ಹುಟ್ಟಿನ ಬಗ್ಗೆ ಅನ್ಯರು ಬರೆದದ್ದನ್ನೇ ಉದ್ಧರಿಸುತ್ತ ಕೂರುವ ಅಗತ್ಯವಿಲ್ಲ.

ಆ 25 ಅರಸರ ನಂತರ ಬಂದ ಕೊಜೊಂಗ್ ಮತ್ತು ಸುಂಜೊಂಗ್ ಅರಸರ ವೃತ್ತಾಂತಗಳೂ ತಾಣದಲ್ಲಿವೆಯಾದರೂ ಅವು ಜಪಾನಿನ ಆಳ್ವಿಕೆಯಲ್ಲಿ ಸಂಕಲನಗೊಂಡವು. ಅವನ್ನು ಉಳಿದವುಗಳ ಸಾಲಿಗೆ ಸೇರಿಸಿ ಓದಬಾರದು. ಕೊರಿಯನ್ ಬಾರದವರು ಯಂತ್ರಾನುವಾದದ ನೆರವಿನಿಂದ ವಿಷಯದ ಜಾಡು ಹಿಡಿಯಬಹುದು, ಆದರೆ ವ್ಯಕ್ತಿನಾಮಗಳೂ ಹುದ್ದೆಗಳೂ ಕಲಸಿಹೋಗುತ್ತವೆ. ಉದ್ಧರಿಸುವ ಮುನ್ನ ಭಾಷೆ ಬಲ್ಲವರಿಂದ ಮೂಲವನ್ನು ಓದಿಸಿಕೊಳ್ಳುವುದು ಕಡ್ಡಾಯ.