14 ತಿಂಗಳ ಮೀನೆಣ್ಣೆ, 14 ತಿಂಗಳ ತೇಗು

ಮೊದಲು ತೇಗಿನ ವಿಷಯ ಹೇಳಿಬಿಡುತ್ತೇನೆ. ಬಿಪಿ ಇಳಿಯಲಿ ಅಂತ ತಗೊಂಡ ಮೀನೆಣ್ಣೆಯ ಎರಡು ಕ್ಯಾಪ್ಸೂಲ್ ಬೆಳಿಗ್ಗೆ ಎಂಟಕ್ಕೆ ನುಂಗಿದರೆ, ಹತ್ತು ಗಂಟೆಯ ಮೀಟಿಂಗಿನಲ್ಲಿ ಮಲ್ಪೆಯ ಮೀನುಗಾರಿಕೆ ಬಂದರು ಇಡೀ ಬಾಯಿಗೆ ಬರುತ್ತದೆ. ಪಕ್ಕದಲ್ಲಿ ಕೂರುತ್ತಿದ್ದ ಸಹೋದ್ಯೋಗಿ ಸದ್ದಿಲ್ಲದೆ ಕುರ್ಚಿ ಬದಲಾಯಿಸಿದರು.

ಒಂದು ದಿನ ಸಿಟ್ಟು ಬಂದು ಒಂದನ್ನು ಗುಂಡುಸೂಜಿಯಿಂದ ಚುಚ್ಚಿ ಸ್ಟೀಲ್ ಚಮಚಕ್ಕೆ ಹಿಂಡಿದೆ. ಹಳದಿ ಎಣ್ಣೆ. ಮೀನಿನ ವಾಸನೆಯಲ್ಲ, ಹಳೇ ಪೇಂಟಿನ ಕಮಟು. ಮನೆಯ ಬೆಕ್ಕು ಮೂಸಿ ನೋಡಿ ಹೊರಟುಹೋಯಿತು! ಬಿಸಿ, ಗಾಳಿ ತಾಗಿದರೆ ಈ ಎಣ್ಣೆ ಬೇಗ ಕೆಡುತ್ತದೆ. ಡಬ್ಬಿಯನ್ನು ಗ್ಯಾಸ್ ಒಲೆ ಪಕ್ಕ ಇಟ್ಟದ್ದು ನನ್ನದೇ ತಪ್ಪು. ಆಮೇಲೆ ಹೊಸ ಡಬ್ಬಿ ಫ್ರಿಜ್ಜಿಗೆ ಹೋಯಿತು, ಕ್ಯಾಪ್ಸೂಲ್ ಮಧ್ಯಾಹ್ನದ ಊಟದ ಜೊತೆಗೆ. ತೇಗು ಅರ್ಧಕ್ಕರ್ಧ ಕಡಿಮೆಯಾಯಿತು.

ಕೊಂಡದ್ದು ಕಳೆದ ವರ್ಷದ ಜೂನ್‌ನಲ್ಲಿ. ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ, ಜುಲೈ ಮುಗಿಯುವವರೆಗೆ ಮೀನಿಲ್ಲ. ಮಾತ್ರೆ ತಗೊಂಡರೂ ಬಿಪಿ 142ರ ಆಸುಪಾಸು. ಆಫೀಸಿನಲ್ಲಿ ಯಾರೋ 'ಮೀನೆಣ್ಣೆ ತಗೊಳ್ಳಿ' ಅಂದರು. ಅಮ್ಮ ಮಾತ್ರ, "ಕಡಲ ಕರೆಯಲ್ಲಿ ಹುಟ್ಟಿ ಡಬ್ಬಿ ಮೀನು ನುಂಗ್ತೀಯಲ್ಲ ಮಾರಾಯ" ಎಂದು ನಕ್ಕರು.

ನನಗೆ ನಿಜಕ್ಕೂ ಇಷ್ಟವಾದದ್ದು ಸಂಜೆಯ ಐದು ನಿಮಿಷ. ಚಹಾ ಕುಡಿಯುವ ಮೊದಲು, ಬೆನ್ನು ಗೋಡೆಗೆ, ಕಾಲು ನೆಲಕ್ಕೆ, ಬಾಯಿ ಮುಚ್ಚಿ ಕೂರುವುದು. ಆಮೇಲೆ ತೋಳಿಗೆ ಪಟ್ಟಿ ಕಟ್ಟಿ ಎರಡು ಸಲ ನೋಡಿ, ಮಗಳ ಹಳೇ ನೋಟ್‌ಬುಕ್‌ನಲ್ಲಿ ಬರೆಯುವುದು. ಮೊದಲ ಆರು ತಿಂಗಳ ಸರಾಸರಿ 141. ಅಂದರೆ ಏನೂ ಆಗಿಲ್ಲ ಅಲ್ವಾ?

ಆಗ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದೆ. ಮುಂದೆ ದೊಡ್ಡದಾಗಿ '1000 ಮಿ.ಗ್ರಾಂ'. ಹಿಂದೆ ಇಪಿಎ 180, ಡಿಎಚ್‌ಎ 120. ಇವೆರಡು ಮೀನೆಣ್ಣೆಯಲ್ಲಿರುವ ಒಮೆಗಾ-3 ಎಂಬ ಕೊಬ್ಬಿನ ಬಗೆಗಳು. ಕೆಲಸಕ್ಕೆ ಬರುವ ಒಮೆಗಾ-3 ಬರೀ 300! 71 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ 2022ರ ವರದಿಯಲ್ಲಿ, ದಿನಕ್ಕೆ 2-3 ಗ್ರಾಂ ಒಮೆಗಾ-3 ತಗೊಂಡವರಿಗೆ ಮೇಲಿನ ಬಿಪಿ ಇಳಿದದ್ದು ಸರಾಸರಿ ಎರಡೂವರೆ ಪಾಯಿಂಟಿನಷ್ಟು. ಬಿಪಿ ಜಾಸ್ತಿ ಇದ್ದವರಿಗೆ ಇನ್ನು ಸ್ವಲ್ಪ ಹೆಚ್ಚು. ನಾನು ಅಲ್ಲಿಗೆ ಮುಟ್ಟಲು ದಿನಕ್ಕೆ ಏಳೆಂಟು ನುಂಗಬೇಕು. ತಿಂಗಳಿಗೆ ₹600 ಇದ್ದದ್ದು ₹2,400 ಆಗುತ್ತದೆ. ತೇಗಿನ ಲೆಕ್ಕ ಬೇರೆ. ಡಾಕ್ಟರನ್ನು ಕೇಳಿದೆ. "ಸುಮ್ನೆ ಡೋಸ್ ಏರಿಸಬೇಡಿ, ಎದೆಬಡಿತದ ತಾಳ ತಪ್ಪುವ ಅಪಾಯ ಉಂಟು. ಮಾತ್ರೆ ಬಿಡಬೇಡಿ. ಉಪ್ಪು ಎಷ್ಟು ತಿಂತೀರಿ?" ಅಂದರು.

ಮೀನಿಲ್ಲದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ದಿನಾ ಒಣಮೀನು, ಮಿಡಿ ಉಪ್ಪಿನಕಾಯಿ. ಮೇಲಿನಿಂದ ಈ ಕ್ಯಾಪ್ಸೂಲ್! ಈ ಮಳೆಗಾಲದಲ್ಲಿ ಒಣಮೀನು, ಉಪ್ಪಿನಕಾಯಿ ಎರಡನ್ನೂ ತಟ್ಟೆಯಿಂದ ಇಳಿಸಿದೆ. ನೋಟ್‌ಬುಕ್‌ನಲ್ಲಿ ಈಗ 133.

ಎಣ್ಣೆ ಮೋಸ ಅಂತ ನಾನು ಹೇಳುವುದಿಲ್ಲ. ಎರಡು ಕ್ಯಾಪ್ಸೂಲಿನಿಂದ ಜಾಸ್ತಿ ಆಸೆ ಪಟ್ಟೆ, ಅಷ್ಟೆ. ಐದರಲ್ಲಿ ಎರಡು ಸ್ಟಾರ್. ಆಗಸ್ಟ್‌ನಲ್ಲಿ ಬೋಟು ಇಳಿದಿವೆ, ಮನೆಯಲ್ಲಿ ವಾರಕ್ಕೆ ಮೂರು ದಿನ ಬೂತಾಯಿ (ಮತ್ತಿ ಮೀನು) ಪುಳಿಮುಂಚಿ, ಅಂದರೆ ಹುಳಿ-ಖಾರದ ಸಾರು, ಉಪ್ಪು ಕಮ್ಮಿ. ಡಬ್ಬಿಯಲ್ಲಿ ಇನ್ನೂ ಹನ್ನೊಂದು ಉಳಿದಿವೆ. ಬೆಕ್ಕಿಗೂ ಬೇಡ.